ಸಿಗಡಿ ಯಾಕೆ ಒಣಗಲಿಲ್ಲ? ಮಕ್ಕಳ ಜೊತೆ ಒಂದು ಹುಡುಕಾಟದ ನಡಿಗೆ



ಆಗಸ್ಟ್ 30ರಂದು ಮೊಂತಿ ಹಬ್ಬದ ನೊವೇನಾ ಆರಂಭವಾದರೆ ಒಂಬತ್ತು ದಿನ ನಮ್ಮ ಮಕ್ಕಳ ಕೈಯಲ್ಲಿ ಹೂವಿನ ಬುಟ್ಟಿ. ಮುಂದಿನ ಸಲ ದೇವಾಲಯದ ಅಂಗಳದಲ್ಲಿ ನಿಂತು ಆ ಬುಟ್ಟಿಗಳೊಳಗೆ ಒಮ್ಮೆ ಇಣುಕಿ ನೋಡಿ. ಸೇವಂತಿಗೆ, ಗುಲಾಬಿ, ಚೆಂಡುಹೂ. ಹೆಚ್ಚಿನವು ಹಿಂದಿನ ಸಂಜೆ ಮಾರುಕಟ್ಟೆಯಿಂದ ಬಂದವು. ನಾವು ಚಿಕ್ಕವರಿದ್ದಾಗ ಹೂವಿಗೆ ದುಡ್ಡು ಕೊಡುವ ಮಾತೇ ಇರಲಿಲ್ಲ. ಬೆಳಿಗ್ಗೆ ಎದ್ದು, ಮಳೆ ಹನಿಯುತ್ತಿದ್ದರೆ ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿ, ಗುಡ್ಡಕ್ಕೆ ಓಡುತ್ತಿದ್ದೆವು. ಯಾವ ಬೇಲಿಯಲ್ಲಿ ದಾಸವಾಳ, ಯಾವ ಕಲ್ಲಿನ ಪಕ್ಕ ಕೇಪಳ, ಗದ್ದೆಯ ಯಾವ ಅಂಚಿನಲ್ಲಿ ತುಂಬೆ, ಯಾರ ತೋಟದ ನಾಯಿ ಕಚ್ಚುತ್ತದೆ, ಯಾರದು ಬರೀ ಬೊಗಳುತ್ತದೆ ಎಂಬುದೆಲ್ಲ ಬಾಯಿಪಾಠ. ನೆಕ್ಕರಿಕದ ನೇರಳೆ ಹೂ ಸಿಕ್ಕಿದ ಜಾಗವನ್ನು ತಂಗಿಗೂ ಹೇಳದೆ ಮುಚ್ಚಿಟ್ಟವರೂ ನಮ್ಮಲ್ಲಿದ್ದಾರೆ.

'ಮೊಂತಿ' ಎಂಬ ಹೆಸರಿನಲ್ಲೇ ಗುಡ್ಡವಿದೆ. ಫರಂಗಿಪೇಟೆಯ ಮೊಂತೆ ಮರಿಯಾನೊ ಗುಡ್ಡದಿಂದ ಈ ಹಬ್ಬ ನಮ್ಮ ಊರುಗಳಿಗೆ ಹರಡಿತೆಂದು ಹಿರಿಯರು ಹೇಳುತ್ತಾರೆ. ಈಗ ಹಬ್ಬ ಉಳಿದಿದೆ, ಬುಟ್ಟಿಯೂ ಉಳಿದಿದೆ. ಗುಡ್ಡಗಳಲ್ಲಿ ಹಲವು ಅಪಾರ್ಟ್‌ಮೆಂಟುಗಳಾಗಿವೆ. ಗುಡ್ಡವಿಲ್ಲವೆಂದು ಮಕ್ಕಳನ್ನು ಬೈದು ಏನು ಫಲ? ಆದರೆ ಹತ್ತು ವರ್ಷದ ಮಗುವಿಗೆ ತನ್ನ ಮನೆಯಿಂದ ಅರ್ಧ ಮೈಲಿ ದೂರದ ಮರದ ಹೆಸರು ಗೊತ್ತಿಲ್ಲವೆಂದರೆ ಅದು ಮಗುವಿನ ತಪ್ಪಲ್ಲ, ನಮ್ಮದು. ಆ ಮಗುವನ್ನು ಮತ್ತೆ ಹಸಿರಿನೊಳಗೆ ಕರೆದೊಯ್ಯುವ ಒಂದು ಆಟದ ಬಗ್ಗೆ ಈ ವಾರ ಬರೆಯುತ್ತಿದ್ದೇನೆ. ಆಟ ಹೊರದೇಶದ್ದು, ಕಥೆ ನಮ್ಮದು.

ಆಟದ ಹೆಸರು ಜಿಯೋಕ್ಯಾಶಿಂಗ್. 'ಜಿಯೋ' ಎಂದರೆ ಭೂಮಿ. 'ಕ್ಯಾಶ್' ಎಂದೊಡನೆ ನಗದು ನೆನೆಯಬೇಡಿ. ಅಡಗಿಸಿಟ್ಟ ವಸ್ತು ಎಂಬ ಅರ್ಥದ ಫ್ರೆಂಚ್ ಮೂಲದ ಮಾತು ಅದು. ಒಬ್ಬರು ಒಂದು ಡಬ್ಬಿಯನ್ನು ಎಲ್ಲೋ ಇಟ್ಟು, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ತಿಳಿಸುತ್ತಾರೆ. ಇನ್ನೊಬ್ಬರು ಆ ಅಂಕಿಗಳನ್ನು ಹಿಡಿದು ಹುಡುಕಿ ಹೋಗುತ್ತಾರೆ. ಸಿಕ್ಕಿದರೆ ಒಳಗಿರುವ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಒಳಗಿನ ಒಂದು ಚಿಕ್ಕ ವಸ್ತುವನ್ನು ತೆಗೆದುಕೊಂಡರೆ ಬದಲಿಗೆ ಇನ್ನೊಂದನ್ನು ಇಡಬೇಕು.

ಇದು ಶುರುವಾದದ್ದು 2000ದ ಮೇ ತಿಂಗಳಲ್ಲಿ. ಅಮೇರಿಕದ ಜಿಪಿಎಸ್ ಉಪಗ್ರಹಗಳ ಸಂಕೇತವನ್ನು ಅಲ್ಲಿಯವರೆಗೆ ಸಾರ್ವಜನಿಕರಿಗೆ ಬೇಕೆಂದೇ ಮಸುಕು ಮಾಡಿ ಕೊಡುತ್ತಿದ್ದರು. ತೋರಿಸಿದ ಜಾಗಕ್ಕೂ ನಿಜವಾದ ಜಾಗಕ್ಕೂ ನೂರು ಮೀಟರಿನಷ್ಟು ವ್ಯತ್ಯಾಸ ಬರುತ್ತಿತ್ತು. ಅಧ್ಯಕ್ಷ ಕ್ಲಿಂಟನ್‌ರ ಆದೇಶದಂತೆ ಮೇ 1ರ ರಾತ್ರಿ ಆ ಮಸುಕನ್ನು ತೆಗೆದರು. ಮೇ 3ರಂದೇ ಡೇವ್ ಉಲ್ಮರ್ ಎಂಬವರು ಓರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ಟು ಇಟ್ಟು ಅಂಕಿಗಳನ್ನು ಪ್ರಕಟಿಸಿದರು. ಅದರಲ್ಲಿ ಒಂದು ಡಬ್ಬಿ ಬೀನ್ಸ್ ಕೂಡ ಇತ್ತಂತೆ! ಈಗ ಆಟದ ನಿಯಮದಲ್ಲಿ ತಿಂಡಿತಿನಿಸು ಇಡುವಂತಿಲ್ಲ. ಮೂರು ದಿನಗಳೊಳಗೆ ಇಬ್ಬರು ಅದನ್ನು ಹುಡುಕಿ ತೆಗೆದರು. ಇದಕ್ಕೂ ಮುಂಚಿನ ಅಜ್ಜನೊಬ್ಬ ಇದ್ದಾನೆನ್ನಿ: 1854ರಲ್ಲಿ ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ ಒಂದು ಬಾಟ್ಲಿ ಇಟ್ಟು, ಅಲ್ಲಿಗೆ ನಡೆದು ಬಂದವರು ತಮ್ಮ ಚೀಟಿ ಹಾಕಿ ಹೋಗುವಂತೆ ಮಾಡಿದ್ದ.

ಮತ್ತಾಯನ ಶುಭಸಂದೇಶದ ಹದಿಮೂರನೆಯ ಅಧ್ಯಾಯದಲ್ಲಿ ಹೊಲದಲ್ಲಿ ಹೂತಿಟ್ಟ ನಿಧಿಯ ಸಾಮತಿ ಇದೆಯಲ್ಲ, ಅದನ್ನು ಕ್ರೈಸ್ತ ಶಿಕ್ಷಣದ ತರಗತಿಯಲ್ಲಿ ಎಲ್ಲ ಮಕ್ಕಳೂ ಕೇಳಿರುತ್ತಾರೆ. ಆದರೆ ಒಂದು ಸಂಗತಿಯನ್ನು ನಾವು ದಾಟಿಸಿಬಿಡುತ್ತೇವೆ. ನಿಧಿ ಕಂಡ ಮನುಷ್ಯ ಅದನ್ನು ಎತ್ತಿಕೊಂಡು ಓಡುವುದಿಲ್ಲ, ಮತ್ತೆ ಅಲ್ಲೇ ಮುಚ್ಚಿಡುತ್ತಾನೆ. ಆಮೇಲೆ ಕೊಳ್ಳುವುದು ಇಡೀ ಹೊಲವನ್ನು. ಈ ಆಟವಾಡಿದ ಮಗುವಿಗೆ ಆ ಮಾತನ್ನು ವಿವರಿಸಬೇಕಾಗಿಲ್ಲ.

ಈಗ ಕಥೆಯ ವಿಚಾರಕ್ಕೆ ಬರೋಣ. ಅಮೇರಿಕದ ವರ್ಮಾಂಟ್ ರಾಜ್ಯದ ಮಾಂಟ್‌ಪೀಲಿಯರಿನಲ್ಲಿ 2007ರಲ್ಲಿ ಆನ್ ಫರ್ಗ್ಯುಸನ್ ಎಂಬ ಮಹಿಳೆ ಒಂದು ಉಪಾಯ ಮಾಡಿದರು. ಮಕ್ಕಳ ಚಿತ್ರಪುಸ್ತಕವೊಂದರ ಹಾಳೆಗಳನ್ನು ಬಿಡಿಸಿ, ಕಾಲುದಾರಿಯುದ್ದಕ್ಕೂ ಒಂದೊಂದು ಗೂಟಕ್ಕೆ ಒಂದೊಂದು ಹಾಳೆ ಕಟ್ಟಿದರು. ಮಗು ಒಂದು ಪುಟ ಓದಬೇಕು, ಮುಂದಿನ ಪುಟಕ್ಕಾಗಿ ನಡೆಯಬೇಕು. ಊರಿನ ಗ್ರಂಥಾಲಯ ಕೈಜೋಡಿಸಿತು. ಈಗ ಅನೇಕ ದೇಶಗಳ ಉದ್ಯಾನಗಳಲ್ಲಿ ಇಂಥ ನಡಿಗೆಗಳಿವೆ. ಈ ಎರಡನ್ನೂ, ಅಂದರೆ ಅಂಕಿ ಹಿಡಿದು ಹುಡುಕುವುದನ್ನೂ ಪುಟ ಪುಟವಾಗಿ ಕಥೆ ಓದುವುದನ್ನೂ ಸೇರಿಸಿದರೆ ನಾನು ಹೇಳುತ್ತಿರುವ ಆಟವಾಗುತ್ತದೆ.

ಕಥೆಗೆ ದೂರ ಹೋಗಬೇಡಿ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಮೇಷ್ಟರಾಗಿ, ಆಮೇಲೆ ಶಾಲೆಗಳ ಇನ್ಸ್‌ಪೆಕ್ಟರರಾಗಿ ದುಡಿದ ಪಂಜೆ ಮಂಗೇಶರಾಯರು ಕನ್ನಡದ ಮಕ್ಕಳಿಗೆ ಕಥೆ ಹಾಡುಗಳ ಬುತ್ತಿಯನ್ನೇ ಕಟ್ಟಿಕೊಟ್ಟವರು. ಅವರ 'ಸಿಗಡಿ ಯಾಕೆ ಒಣಗಲಿಲ್ಲ' ಎಂಬ ಕಥೆ ಈ ಆಟಕ್ಕೆಂದೇ ಹೇಳಿಮಾಡಿಸಿದಂತಿದೆ. ಅದು ಸರಪಣಿಯ ಜಾತಿಯ ಕಥೆ: ಒಬ್ಬರನ್ನು ಕೇಳಿದರೆ ಅವರು ಇನ್ನೊಬ್ಬರ ಮೇಲೆ ಹೇಳುತ್ತಾರೆ, ಅವರು ಮತ್ತೊಬ್ಬರ ಮೇಲೆ. ಆಂಧ್ರದ ಮನೆಗಳಲ್ಲಿ ಏಳು ಮೀನುಗಳ ಕಥೆಯೆಂದು ಹೇಳುವುದೂ ಇದೇ ಜಾತಿಯದು. ಕೊಂಡಿಗಳು ಮನೆಯಿಂದ ಮನೆಗೆ ಬದಲಾಗುತ್ತವೆ. ನಮ್ಮ ಮನೆಯಲ್ಲಿ ಕೇಳಿದ್ದು ಹೀಗೆ: ಸಿಗಡಿ ಒಣಗದಿದ್ದಕ್ಕೆ ಹುಲ್ಲು ಅಡ್ಡ ಬಂತು, ಹುಲ್ಲನ್ನು ದನ ಮೇಯಲಿಲ್ಲ, ದನವನ್ನು ಹುಡುಗ ಬಿಡಲಿಲ್ಲ, ಹುಡುಗನಿಗೆ ಅಜ್ಜಿ ಗಂಜಿ ಕೊಡಲಿಲ್ಲ, ಅಜ್ಜಿಗೆ ಮಗು ಬಿಡುವು ಕೊಡಲಿಲ್ಲ, ಮಗುವಿಗೆ ಇರುವೆ ಕಚ್ಚಿತ್ತು. ಏಳು ಕೊಂಡಿ, ಏಳು ನಿಲುಗಡೆ.

ಒಣ ಸಿಗಡಿಯ ಚಟ್ನಿ ಇಲ್ಲದೆ ಮಳೆಗಾಲ ಕಳೆಯದ ನಮ್ಮ ಮನೆಗಳಿಗೆ ಇದಕ್ಕಿಂತ ಹತ್ತಿರದ ಕಥೆ ಯಾವುದಿದೆ? ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುವ ಮಗು ಕನ್ನಡದ ಒಂದಿಡೀ ಕಥೆಪುಸ್ತಕ ಕೊಟ್ಟರೆ ಮುಖ ಸಿಂಡರಿಸಬಹುದು. ಒಂದು ಚೀಟಿಯಲ್ಲಿ ನಾಲ್ಕು ಸಾಲು ಇದ್ದು, ಅದನ್ನು ಓದದೆ ಮುಂದಿನ ಡಬ್ಬಿ ಸಿಗುವುದಿಲ್ಲವೆಂದರೆ ಅಕ್ಷರ ಅಕ್ಷರ ಕೂಡಿಸಿಯಾದರೂ ಓದುತ್ತದೆ. ಪಂಜೆಯವರು ತೀರಿಕೊಂಡದ್ದು 1937ರಲ್ಲಿ. ನಮ್ಮ ಕಾನೂನಿನಂತೆ ಲೇಖಕರ ಮರಣದ ನಂತರ 60 ವರ್ಷ ಹಕ್ಕು ಇರುತ್ತದೆ, ಅದು ಕಳೆದಿದೆ. ಆದ್ದರಿಂದ ಅವರು ಬದುಕಿದ್ದಾಗ ಅಚ್ಚಾದ ಕಥೆಯನ್ನು ಕೈಯಿಂದ ಬರೆದು ಹಂಚಲು ಅಡ್ಡಿಯಿಲ್ಲ. ಹೊಸ ಚಿತ್ರಗಳಿರುವ ಈಗಿನ ಪುಸ್ತಕವಾದರೆ ಜೆರಾಕ್ಸ್ ಮಾಡಬೇಡಿ. ಎರಡು ಪ್ರತಿ ಕೊಂಡು ಹಾಳೆ ಬಿಡಿಸಿ. ಒಂದೇ ಪ್ರತಿಯಾದರೆ ಹಾಳೆಯ ಹಿಂದಿನ ಪುಟ ಗೂಟಕ್ಕೆ ಅಂಟಿಹೋಗುತ್ತದೆ.

ಜಾಗ ಯಾವುದು? ನಗರದೊಳಗೆ ತೋಟಗಾರಿಕೆ ಇಲಾಖೆಯ ಕದ್ರಿ ಉದ್ಯಾನವಿದೆ. ಒಂದಿಡೀ ದಿನ ಕೈಯಲ್ಲಿದ್ದರೆ ಮೂಡುಶೆಡ್ಡೆಯ ಪಿಲಿಕುಳ ನಿಸರ್ಗಧಾಮವಿದೆ. ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳ. ಪಶ್ಚಿಮ ಘಟ್ಟದ ಗಿಡಮರಗಳ ಸಸ್ಯವನವೂ ಅಲ್ಲಿದೆ. ಆದರೆ ಮೊದಲ ಸಲ ಅಷ್ಟು ದೊಡ್ಡ ಜಾಗ ಬೇಡ. ನಿಮ್ಮ ದೇವಾಲಯದ ಆವರಣದಲ್ಲಿ ನಾಲ್ಕು ಹಳೆಯ ಮರಗಳಿದ್ದರೆ ಸಾಕು. ಕಾಲ ನವೆಂಬರಿನಿಂದ ಫೆಬ್ರವರಿ. ನಮ್ಮ ಮಳೆಗೆ ಯಾವ ಡಬ್ಬಿಯೂ ನಿಲ್ಲದು.

ಮೊದಲ ನಿಲುಗಡೆ ಬಾಗಿಲ ಬಳಿ. ಡಬ್ಬಿಯಲ್ಲಿ ಸಿಗಡಿಯ ಚಿತ್ರ, ಕಥೆಯ ಆರಂಭ, ಮುಂದಿನ ಜಾಗದ ಅಂಕಿ. ನಿಜವಾದ ಸಿಗಡಿ ಇಡುವ ಆಸೆ ಯಾರಿಗಾದರೂ ಬಂದೀತು. ಮಕ್ಕಳಿಗಿಂತ ಮೊದಲು ಬೆಕ್ಕು ಹುಡುಕುತ್ತದೆ. ಎರಡನೆಯದು ಹುಲ್ಲು. ಇಲ್ಲಿ ಮೂರು ಬಗೆಯ ಹುಲ್ಲು ತೋರಿಸಿದರೆ ಮುಂದಿನ ಚೀಟಿ. ಗರಿಕೆ ಬೇಗ ಸಿಗುತ್ತದೆ. ಮುಟ್ಟಿದರೆ ಮುನಿಯನ್ನು ಮಕ್ಕಳು ಹುಲ್ಲೆಂದು ತೋರಿಸಿದರೆ ಅದು ಹುಲ್ಲಲ್ಲ, ಬೇಳೆಕಾಳುಗಳ ನೆಂಟ, ಅಮೇರಿಕ ಖಂಡದಿಂದ ಬಂದದ್ದು ಎಂದು ಹೇಳಿ. ಆಮೇಲೆ ಐದು ನಿಮಿಷ ಅವರು ಅದನ್ನು ಮುಟ್ಟಿ ಮುನಿಸುತ್ತಲೇ ಇರುತ್ತಾರೆ, ಬಿಡಿ. ಮೂರನೆಯದು ದನ. ಉದ್ಯಾನದಲ್ಲಿ ದನವಿಲ್ಲ, ಆದ್ದರಿಂದ ಪ್ರಶ್ನೆ: ದನ ಮೂಸಿ ಬಿಟ್ಟುಬಿಡುವ ಗಿಡ ಯಾವುದು? ಲಂಟಾನವಾಗಲಿ, ನಮ್ಮ ಕಡೆ ಕಮ್ಯುನಿಸ್ಟ್ ಗಿಡವೆಂದು ಕರೆಯುವ ಗಿಡವಾಗಲಿ ಬೇಲಿ ಬದಿಯಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ನಾಲ್ಕನೆಯದು ದನಕಾಯುವ ಹುಡುಗ. ತೆಂಗಿನ ಗರಿಯ ಪೀಪಿ ಮಾಡಿ ಊದಿದವರಿಗೆ ದಾರಿ. ಇಲ್ಲಿ ಅಪ್ಪಂದಿರಿಗೆ ಕಷ್ಟ, ಅಜ್ಜಂದಿರಿಗೆ ಸುಲಭ.

ಐದನೆಯ ನಿಲುಗಡೆಯಲ್ಲಿ ಡಬ್ಬಿ ಇಲ್ಲ. ಅಂಕಿ ಹಿಡಿದು ಹೋದರೆ ಒಂದು ಬೆಂಚು, ಬೆಂಚಿನ ಮೇಲೆ ನಿಜವಾದ ಅಜ್ಜಿ. ನಿಮ್ಮ ವಾಳೆಯಲ್ಲಿ ಎಂಬತ್ತು ದಾಟಿ, ಮಧ್ಯಾಹ್ನದ ನಂತರ ಮಾತಾಡಲು ಯಾರೂ ಇಲ್ಲದೆ ಕೂತಿರುವ ಒಬ್ಬರಾದರೂ ಇದ್ದಾರೆ. ಅವರನ್ನು ಕಾರಿನಲ್ಲಿ ಕರೆತಂದು ಕೂರಿಸಿ. ಮಗು ಕೇಳಬೇಕು, "ಅಜ್ಜೀ, ಹುಡುಗನಿಗೆ ಗಂಜಿ ಯಾಕೆ ಕೊಡಲಿಲ್ಲ?" ಅಜ್ಜಿ ಕಥೆಯ ಉತ್ತರ ಹೇಳಿ, ಜೊತೆಗೆ ತನ್ನ ಬಾಲ್ಯದ ಮೊಂತಿ ಹಬ್ಬದ ಹೂವು ಎಲ್ಲಿಂದ ತರುತ್ತಿದ್ದರೆಂಬುದನ್ನೂ ಹೇಳಬೇಕು. ಕೊಂಕಣಿಯಲ್ಲೋ ತುಳುವಿನಲ್ಲೋ ಹೇಳಲಿ. ನನ್ನನ್ನು ಕೇಳಿದರೆ ಉಳಿದ ಆರನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಆರನೆಯದರಲ್ಲೂ ಡಬ್ಬಿ ಬೇಡ. 2004ರಿಂದ ಈ ಆಟದಲ್ಲಿ ಅರ್ತ್‌ಕ್ಯಾಶ್ ಎಂಬ ಬಗೆ ಬಂದಿದೆ: ಅಲ್ಲಿ ಅಡಗಿಸಿಟ್ಟದ್ದು ಏನೂ ಇರುವುದಿಲ್ಲ, ನೆಲವನ್ನು ನೋಡಿ ಒಂದು ಪ್ರಶ್ನೆಗೆ ಉತ್ತರ ಹೇಳಿದರೆ ಆಯಿತು. ನಮ್ಮಲ್ಲಿ ಅದಕ್ಕೆ ಮುರಕಲ್ಲು ಇದೆ. ಅಜ್ಜಿ ಮಗುವನ್ನು ಕೂರಿಸಿದ್ದು ಮುರಕಲ್ಲಿನ ಮೇಲೆ ಎಂದು ಕಥೆಗೆ ಒಂದು ಮಾತು ಸೇರಿಸಿ. ಕಲ್ಲಿನ ತೂತುಗಳನ್ನು ಬೆರಳಿಂದ ಮುಟ್ಟಿಸಿ. ಕೆಂಪು ಬಣ್ಣ ಎಲ್ಲಿಂದ ಬಂತೆಂದು ಕೇಳಿ. ಕಬ್ಬಿಣದಿಂದ. ನೆಲದೊಳಗಿರುವಾಗ ಕತ್ತರಿಸುವಷ್ಟು ಮೆತ್ತಗಿರುವ ಈ ಕಲ್ಲು ಗಾಳಿಗೆ ತೆರೆದ ಮೇಲೆ ಗಟ್ಟಿಯಾಗುತ್ತದೆ. 1800ರಲ್ಲಿ ಮೈಸೂರು, ಕೆನರಾ, ಮಲಬಾರುಗಳ ಪ್ರವಾಸಕ್ಕೆ ಹೊರಟ ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಡಿಪುರಂನಲ್ಲಿ ಇದನ್ನು ನೋಡಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟರು. ಜಗತ್ತಿನ ಭೂಗರ್ಭ ಶಾಸ್ತ್ರಕ್ಕೆ ಆ ಹೆಸರು ಹೋದದ್ದು ನಮ್ಮ ಮನೆಗಳ ಗೋಡೆಯ ಕಲ್ಲಿನಿಂದ.

ಏಳನೆಯದು ಇರುವೆ. ಮಾವು, ಹಲಸುಗಳಲ್ಲಿ ಎಲೆಗಳನ್ನು ಸೇರಿಸಿ ಚೆಂಡಿನಂತೆ ಗೂಡು ಕಟ್ಟುವ ಕೆಂಪಿರುವೆ ಗೊತ್ತಲ್ಲ? ಸಾಲುಗಟ್ಟಿ ನಿಂತ ಇರುವೆಗಳು ಎರಡು ಎಲೆಗಳ ಅಂಚನ್ನು ಎಳೆದು ಹಿಡಿಯುತ್ತವೆ. ಬೇರೆ ಇರುವೆಗಳು ತಮ್ಮ ಮರಿಹುಳಗಳನ್ನು ಬಾಯಲ್ಲಿ ಕಚ್ಚಿ ತಂದು, ಅವು ಉಗುಳುವ ರೇಷ್ಮೆ ದಾರದಿಂದ ಎಲೆಗಳನ್ನು ಅಂಟಿಸುತ್ತವೆ. ಇಲ್ಲಿ ಡಬ್ಬಿಯನ್ನು ಮರದಿಂದ ಹತ್ತು ಹೆಜ್ಜೆ ದೂರ ಇಡಿ. ಗೂಡಿಗೆ ಕೋಲು ಹಾಕಿದವನಿಗೆ ಕಥೆಯ ಕೊನೆ ಏನೆಂದು ಯಾರೂ ಓದಿ ಹೇಳಬೇಕಾಗಿಲ್ಲ.

ಅಂಕಿಗಳ ಬಗ್ಗೆ ಎರಡು ಮಾತು. ಮಂಗಳೂರು ಸುಮಾರು ಉತ್ತರ 12 ಡಿಗ್ರಿ 52 ಮಿನಿಟು, ಪೂರ್ವ 74 ಡಿಗ್ರಿ 50 ಮಿನಿಟಿನಲ್ಲಿದೆ. ಅಕ್ಷಾಂಶದ ಒಂದು ಮಿನಿಟು ಎಂದರೆ ನೆಲದ ಮೇಲೆ ಸುಮಾರು 1.85 ಕಿಲೋಮೀಟರು. ಅದರ ಸಾವಿರದಲ್ಲೊಂದು ಪಾಲು ಎರಡು ಮೀಟರಿಗೂ ಕಡಿಮೆ. ಆದ್ದರಿಂದ ಮಿನಿಟಿನ ನಂತರ ಮೂರು ದಶಮಾಂಶ ಅಂಕಿ ಬರೆದರೆ ಸಾಕು. ಆರೇಳನೇ ತರಗತಿಯ ಮಕ್ಕಳಿಗೆ ಇದೇ ಒಂದು ಲೆಕ್ಕದ ಪಾಠ. ಮೊಬೈಲ್ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ಹಿಡಿದು ಜಾಗ ಹೇಳುತ್ತದೆ. ಬಯಲಿನಲ್ಲಿ ಐದು ಮೀಟರಿನಷ್ಟು ಹೆಚ್ಚುಕಡಿಮೆ. ದಟ್ಟ ಮರದಡಿಯಲ್ಲಿ ಇನ್ನೂ ಹೆಚ್ಚು. ಅಂದರೆ ಕೊನೆಯ ಹತ್ತು ಹೆಜ್ಜೆ ಮೊಬೈಲ್ ಜೇಬಿಗೆ ಸೇರಬೇಕು, ಕಣ್ಣು ಕೆಲಸ ಮಾಡಬೇಕು. ಗುಂಪಿಗೊಂದೇ ಮೊಬೈಲ್, ಅದೂ ದೊಡ್ಡವರ ಕೈಯಲ್ಲಿ.

ಇನ್ನು ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ನನ್ನ ಅಕ್ಕನ ಮಕ್ಕಳಿಗಾಗಿ ಮೊದಲ ಸಲ ಈ ಆಟ ಹೂಡಿದಾಗ, ಐದಾರು ಡಬ್ಬಿ ತಾನೇ ಎಂದು ಯಾರಿಗೂ ಹೇಳದೆ ಒಂದು ಉದ್ಯಾನದಲ್ಲಿ ಮುಂಜಾನೆಯೇ ಇಟ್ಟುಬಂದೆ. ಮುಚ್ಚಳಕ್ಕೆ ಚೆಂದಕ್ಕೆಂದು ಕಪ್ಪು ಟೇಪು ಸುತ್ತಿದ್ದೆ. ಹತ್ತು ಗಂಟೆಗೆ ಮಕ್ಕಳ ಜೊತೆ ಹೋದರೆ ಮೂರನೆಯ ಡಬ್ಬಿಯ ಸುತ್ತ ಜನ. ಕಾವಲುಗಾರರು ಎಲ್ಲರನ್ನೂ ಹಿಂದೆ ಸರಿಸುತ್ತಿದ್ದರು. ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ಓಡುತ್ತಿದ್ದುದನ್ನು ನಾನು ಕಂಡೆ. ಮುಂದೆ ಹೋಗಿ, ಇದು ನನ್ನದು ಎಂದು ಹೇಳಿ, ಮುಚ್ಚಳ ತೆರೆದು ದನದ ಚಿತ್ರ ತೋರಿಸಿದೆ. ಕಾವಲುಗಾರರು ನನ್ನನ್ನು ಬೈಯಲಿಲ್ಲ. "ಒಂದು ಮಾತು ಹೇಳಬಾರದಿತ್ತಾ ಅಕ್ಕಾ?" ಎಂದಷ್ಟೇ ಕೇಳಿದರು. ಮಕ್ಕಳ ಎದುರಿಗೆ ನನಗೆ ಉತ್ತರವಿರಲಿಲ್ಲ.

ಈ ಊರಿನಲ್ಲಿ ಅವರ ಭಯ ಸುಮ್ಮನೆ ಹುಟ್ಟಿದ್ದಲ್ಲ. 2020ರ ಜನವರಿ 20ರಂದು ನಮ್ಮ ವಿಮಾನ ನಿಲ್ದಾಣದಲ್ಲಿ ಬಿಟ್ಟುಹೋದ ಚೀಲದಲ್ಲಿ ಸ್ಫೋಟಕ ಸಿಕ್ಕಿತ್ತು. 2022ರ ನವೆಂಬರ್ 19ರಂದು ನಾಗುರಿಯಲ್ಲಿ ಆಟೋರಿಕ್ಷಾದೊಳಗೆ ಕುಕ್ಕರ್ ಸ್ಫೋಟವಾಗಿ ಚಾಲಕರು ಗಾಯಗೊಂಡರು. ಹೀಗಿರುವಾಗ ಡಬ್ಬಿಯನ್ನು ವರ್ಷಗಟ್ಟಲೆ ಅಡಗಿಸಿ ಬಿಡುವ ಹೊರದೇಶದ ಕ್ರಮ ನಮ್ಮ ಸಾರ್ವಜನಿಕ ಜಾಗಕ್ಕೆ ಹೊಂದುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಕೆಲವರು ಇದನ್ನು ಅತಿಯೆಂದಾರು. ಆ ಓಡುತ್ತಿದ್ದ ತಾಯಿಯ ಮುಖ ನೋಡಿದ್ದರೆ ಅನ್ನುತ್ತಿರಲಿಲ್ಲ.

ಹಾಗಾಗಿ ಹೀಗೆ ಮಾಡಿ. ಉದ್ಯಾನ ಯಾರ ವಶದಲ್ಲಿದೆಯೋ ಆ ಕಚೇರಿಗೆ ಧರ್ಮಕೇಂದ್ರದ ಹೆಸರಿನಲ್ಲಿ ಮುಂಚಿತವಾಗಿ ಪತ್ರ ಕೊಟ್ಟು ಒಪ್ಪಿಗೆ ಪಡೆಯಿರಿ. ದಿನ, ವೇಳೆ, ಡಬ್ಬಿಗಳ ಸಂಖ್ಯೆ ಬರೆಯಿರಿ. ದೇವಾಲಯದ ಆವರಣವಾದರೆ ಧರ್ಮಗುರುಗಳಿಗೂ ಗುರಿಕಾರರಿಗೂ ತಿಳಿಸಿ. ಒಳಗಿನದು ಹೊರಗೆ ಕಾಣುವ ಪಾರದರ್ಶಕ ಡಬ್ಬಿಯೇ ಆಗಬೇಕು. ಮೇಲೆ 'ಮಕ್ಕಳ ಕಥೆ ಆಟ' ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಒಪ್ಪಿಗೆ ಕೊಟ್ಟ ಕಚೇರಿಯ ಹೆಸರು ಹಾಕಿ. ಟೇಪು ಬೇಡ, ತಂತಿ ಬೇಡ. ಮಣ್ಣು ಅಗೆಯಬೇಡಿ, ಮರಕ್ಕೆ ಮೊಳೆ ಹೊಡೆಯಬೇಡಿ, ಪೊಟರೆಗೆ ಕೈ ಹಾಕಿಸಬೇಡಿ. ಹಾವಿಗೆ ನಮ್ಮ ಆಟ ಗೊತ್ತಿಲ್ಲ. ಒಂದೊಂದು ಡಬ್ಬಿ ಕಾಣುವ ದೂರದಲ್ಲಿ ಒಬ್ಬ ಯುವಕನೋ ಯುವತಿಯೋ ನಿಂತಿರಲಿ. ಬಾಗಿಲಿನ ಕಾವಲುಗಾರರಿಗೆ ಮೊದಲೇ ಒಂದು ಚೀಟಿ ಕೊಟ್ಟು ಕಥೆ ಹೇಳಿ. ನಾವು ಎರಡನೆಯ ಸಲ ಹೋದಾಗ, ಸಿಗಡಿ ಯಾಕೆ ಒಣಗಲಿಲ್ಲವೆಂದು ಮಕ್ಕಳಿಗಿಂತ ಮೊದಲು ಕೇಳಿದವರು ಅವರೇ.

ಕೊನೆಯ ಡಬ್ಬಿಯಲ್ಲಿ ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಇಡಿ. ಪ್ರತಿಯೊಂದು ಮಗುವೂ ಹೆಸರು, ದಿನಾಂಕ, ಆ ದಿನ ಹೊಸದಾಗಿ ಗುರುತು ಹಿಡಿದ ಒಂದು ಗಿಡದ ಹೆಸರು ಬರೆಯಲಿ. ಯಾವ ಭಾಷೆಯ ಹೆಸರಾದರೂ ಸರಿ. ಆಗಸ್ಟ್ ತಿಂಗಳಲ್ಲಿ ಅದೇ ನೋಟ್‌ಬುಕ್ ತೆರೆದು, ಇವುಗಳಲ್ಲಿ ಯಾವುದು ಹೂವಿನ ಬುಟ್ಟಿಗೆ ಬಂದೀತೆಂದು ಅವರನ್ನೇ ಕೇಳಿ. ಉದ್ಯಾನದ ಹೂ ಕೀಳುವಂತಿಲ್ಲವೆಂದು ಮಾತ್ರ ಈಗಲೇ ಹೇಳಿಬಿಡಿ. ಹಿತ್ತಿಲಿನಲ್ಲೋ ನೆರೆಯವರ ಬೇಲಿಯಲ್ಲೋ, ಕೇಳಿ ಕಿತ್ತದ್ದು ಸಾಕು.

ಹೊರಡುವ ಮುಂಚೆ ಡಬ್ಬಿ ಎಣಿಸಿ. ಐದು ಇಟ್ಟಿದ್ದರೆ ಐದು ಚೀಲಕ್ಕೆ ಸೇರಬೇಕು. ಅಜ್ಜಿಯನ್ನು ಮನೆಗೆ ತಲುಪಿಸುವುದನ್ನು ಗಡಿಬಿಡಿಯಲ್ಲಿ ಮರೆಯಬೇಡಿ.